ಬುಡ ಸಡಿಲವಾದ ಹಿಮ: ಕೊಲರಾಡೊದ 2020ರ ಚಳಿಗಾಲ

2020ರ ಅಕ್ಟೋಬರ್ 25ರಂದು ಕೊಲರಾಡೊದಲ್ಲಿ ಹಿಮ ಸುರಿದಾಗ ಜನ ನಿಟ್ಟುಸಿರು ಬಿಟ್ಟರು. ಎರಡು ತಿಂಗಳಿಂದ ಅಮೆರಿಕದ ಆ ರಾಜ್ಯ ಉರಿಯುತ್ತಿತ್ತು. ಆಗಸ್ಟ್ 13ಕ್ಕೆ ಹತ್ತಿದ ಕ್ಯಾಮರಾನ್ ಪೀಕ್ ಕಾಡ್ಗಿಚ್ಚು 2 ಲಕ್ಷ ಎಕರೆ ದಾಟಿತ್ತು. ಅಷ್ಟು ದೊಡ್ಡ ಬೆಂಕಿಯನ್ನು ಆ ರಾಜ್ಯ ಅದುವರೆಗೆ ಕಂಡಿರಲಿಲ್ಲ. ಅಕ್ಟೋಬರ್ 14ಕ್ಕೆ ಶುರುವಾದ ಈಸ್ಟ್ ಟ್ರಬಲ್‌ಸಮ್ ಬೆಂಕಿ 21ರಿಂದ ಮರುದಿನದೊಳಗೆ 1 ಲಕ್ಷ ಎಕರೆಗೂ ಜಾಸ್ತಿ ನುಂಗಿತು. ಮರವೇ ಇಲ್ಲದ ಬಂಡೆಗಳ ಬೆಟ್ಟಸಾಲನ್ನೂ ದಾಟಿ ಆಚೆ ಬದಿಗೆ ಹಾರಿತು. ಎಸ್ಟೆಸ್ ಪಾರ್ಕ್ ಊರಿಗೆ ಊರೇ ಖಾಲಿಯಾಯಿತು. ಅಂಥ ಹೊತ್ತಲ್ಲಿ ಬಂದ ಹಿಮ ಬೆಂಕಿಯ ಸೊಕ್ಕು ಮುರಿಯಿತು.

ಆ ಹಿಮ ಹಾಗೇ ಉಳಿಯಿತು. ಎಲ್ಲ ಕಡೆ ಅಲ್ಲ, ಎತ್ತರದ ನೆರಳಿನ ಇಳಿಜಾರುಗಳಲ್ಲಿ ಮಾತ್ರ. ತೆಳ್ಳಗೆ, ತಣ್ಣಗೆ, ವಾರಗಟ್ಟಲೆ ಅಲ್ಲೇ ಕೂತಿತ್ತು. ಡಿಸೆಂಬರ್ ಮಧ್ಯದಿಂದ ಅದರ ಮೇಲೆ ಹೊಸ ಹಿಮ ಏರತೊಡಗಿತು. ಆಮೇಲೆ ಒಂದಾದ ಮೇಲೊಂದು ಹಿಮಕುಸಿತ. ಆ ಚಳಿಗಾಲ ಮುಗಿಯುವಷ್ಟರಲ್ಲಿ ಕೊಲರಾಡೊ ಒಂದರಲ್ಲೇ 12 ಜನ ಹಿಮದಡಿ ಸತ್ತಿದ್ದರು. 1992-93ರ ನಂತರ ಅಲ್ಲಿ ಒಂದೇ ಚಳಿಗಾಲಕ್ಕೆ ಇಷ್ಟು ಜನ ಹೋಗಿರಲಿಲ್ಲ. ಇಡೀ ಅಮೆರಿಕದಲ್ಲಿ ಸತ್ತವರು 37.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಡೆನ್ವರ್, ಬೋಲ್ಡರ್ ಕಡೆ ನಮ್ಮ ಕನ್ನಡದವರು ಸಾಕಷ್ಟು ಮಂದಿ ಇದ್ದಾರೆ. ಮೊದಲ ವರ್ಷ ಮಕ್ಕಳ ಜೊತೆ ರೆಸಾರ್ಟ್‌ನಲ್ಲಿ ಸ್ಕೀ ಕಲಿಯುತ್ತಾರೆ. ಕೈಕಾಲು ಕುದುರಿದ ಮೇಲೆ ಬ್ಯಾಕ್‌ಕಂಟ್ರಿಯ ಆಸೆ ಹುಟ್ಟುತ್ತದೆ. ಬ್ಯಾಕ್‌ಕಂಟ್ರಿ ಅಂದರೆ ಲಿಫ್ಟ್ ಇಲ್ಲದ, ಕಾವಲು ಇಲ್ಲದ, ಟಿಕೆಟ್ ಇಲ್ಲದ ಬೆಟ್ಟ. ಸ್ಕೀ ಅಡಿಗೆ, ಹಿಂದಕ್ಕೆ ಜಾರದಂತೆ ತಡೆಯುವ ಸ್ಕಿನ್ ಪಟ್ಟಿ ಅಂಟಿಸಿಕೊಂಡು ಕಾಲ್ನಡಿಗೆಯಲ್ಲೇ ಹತ್ತಬೇಕು, ಯಾರೂ ತುಳಿಯದ ಹಿಮದಲ್ಲಿ ಇಳಿಯಬೇಕು. ಆ ಖುಷಿ ನಿಜವಾದದ್ದು, ಅದನ್ನು ಬೇಡ ಅನ್ನಲು ನಾನು ಬರೆಯುತ್ತಿಲ್ಲ. ಆದರೆ ನವೆಂಬರ್ ಬಂದರೆ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ಇನ್ನೂ ಹಿಮವೇ ಜಾಸ್ತಿ ಬಿದ್ದಿಲ್ಲ, ಕುಸಿಯೋಕೆ ಏನಿದೆ?’ 2020ರ ಕೊಲರಾಡೊ ಈ ಮಾತಿಗೆ ಪೂರ್ತಿ ಉತ್ತರ ಕೊಟ್ಟಿದೆ.

ತೆಳು ಹಿಮದೊಳಗೆ ಏನಾಗುತ್ತದೆ

ಆ ವರ್ಷದ ಹವಾಮಾನವೇ ವಿಚಿತ್ರವಾಗಿತ್ತು. ಸೆಪ್ಟೆಂಬರ್ 7ರಂದು ಡೆನ್ವರ್‌ನಲ್ಲಿ 34 ಡಿಗ್ರಿ ಸೆಲ್ಸಿಯಸ್ ಬಿಸಿಲು, ಮಾರನೇ ದಿನ ಹಿಮ. ಅಕ್ಟೋಬರ್ ಕೊನೆಯ ಬಿರುಗಾಳಿ ಉತ್ತರದ ಬೆಂಕಿ ಪ್ರದೇಶವನ್ನಷ್ಟೇ ಅಲ್ಲ, ದಕ್ಷಿಣದ ಸ್ಯಾನ್ ವಾನ್ ಬೆಟ್ಟಗಳನ್ನೂ ಬೆಳ್ಳಗೆ ಮಾಡಿತು. ನವೆಂಬರ್ ಹೆಚ್ಚುಕಡಿಮೆ ಒಣ ತಿಂಗಳು. ಅಲ್ಲೊಂದು ಇಲ್ಲೊಂದು ಸಣ್ಣ ಸುರಿತ, ಮಧ್ಯೆ ಉದ್ದುದ್ದ ಬಿಡುವು. ಹಗಲು ತಿಳಿ ಆಕಾಶ, ರಾತ್ರಿ ಕೊರೆಯುವ ಚಳಿ.

ಹಿಮದಡಿಯ ನೆಲ ಚಳಿಗಾಲದಲ್ಲೂ ಹೆಚ್ಚುಕಡಿಮೆ 0 ಡಿಗ್ರಿಯಲ್ಲೇ ಇರುತ್ತದೆ. ಬೇಸಿಗೆಯ ಕಾವು ಅದರಲ್ಲಿ ಉಳಿದಿರುತ್ತದೆ, ಮೇಲಿನ ಹಿಮ ಅದನ್ನು ಹೊದಿಸಿಟ್ಟಿರುತ್ತದೆ. ಹಿಮದ ಮೇಲ್ಮೈ ಹಾಗಲ್ಲ. ಮೋಡವಿಲ್ಲದ ರಾತ್ರಿ ಅದು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಮೈನಸ್ 20ಕ್ಕೂ ಇಳಿಯಬಹುದು. ಈಗ ಲೆಕ್ಕ ಹಾಕೋಣ. ಹಿಮ 50 ಸೆಂಟಿಮೀಟರ್ ಇದ್ದರೆ, ಆ 20 ಡಿಗ್ರಿ ವ್ಯತ್ಯಾಸ ಅಷ್ಟರೊಳಗೇ ಮುಗಿಯಬೇಕು. ಅಂದರೆ ಪ್ರತಿ 10 ಸೆಂಟಿಮೀಟರಿಗೆ 4 ಡಿಗ್ರಿ. ಹಿಮ 2 ಮೀಟರ್ ಇದ್ದರೆ ಅದೇ ವ್ಯತ್ಯಾಸ 10 ಸೆಂಟಿಮೀಟರಿಗೆ 1 ಡಿಗ್ರಿ ಮಾತ್ರ. ಹಿಮದ ಕೆಲಸ ಮಾಡುವವರು ನೆನಪಿಟ್ಟುಕೊಳ್ಳುವ ಗಡಿ ಇದೇ: 10 ಸೆಂಟಿಮೀಟರಿಗೆ 1 ಡಿಗ್ರಿ. ಅದಕ್ಕಿಂತ ಕಡಿಮೆ ಇದ್ದರೆ ಕಣಗಳು ದುಂಡಗಾಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪದರ ಗಟ್ಟಿಯಾಗುತ್ತದೆ. ಜಾಸ್ತಿ ಇದ್ದರೆ ಉಲ್ಟಾ. ಕೆಳಗಿನ ಬೆಚ್ಚಗಿನ ಹಿಮದಿಂದ ಆವಿ ಎದ್ದು ಮೇಲಿನ ತಣ್ಣನೆಯ ಕಣಗಳ ಮೇಲೆ ಕೂರುತ್ತದೆ. ಕಣಗಳು ಚೂಪು ಮೂಲೆಗಳಾಗಿ, ಚಪ್ಪಟೆ ಮುಖಗಳಾಗಿ ಬೆಳೆಯುತ್ತವೆ. ಒಂದಕ್ಕೊಂದು ಇದ್ದ ನಂಟು ಕಳಚುತ್ತದೆ.

ತೆಳು ಹಿಮ ಯಾಕೆ ಅಪಾಯ ಅನ್ನುವುದು ಈ ಲೆಕ್ಕದಲ್ಲೇ ಇದೆ. ಅದೇ ಚಳಿ, ಅದೇ ನೆಲ. ದಪ್ಪ ಹಿಮವನ್ನು ಗಟ್ಟಿ ಮಾಡುವ ರಾತ್ರಿಯೇ ತೆಳು ಹಿಮವನ್ನು ಕೊಳೆಸಿಬಿಡುತ್ತದೆ. ಕೊಲರಾಡೊದ ಬೆಟ್ಟಗಳು ಸಮುದ್ರದಿಂದ ತುಂಬಾ ದೂರ. ಗಾಳಿ ಒಣ, ಎತ್ತರ ಜಾಸ್ತಿ, ಬಿರುಗಾಳಿಗಳ ಮಧ್ಯೆ ಬಿಡುವೂ ಜಾಸ್ತಿ. ಹಾಗಾಗಿ ಈ ತೊಂದರೆ ಅಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಇರುತ್ತದೆ. 1950ರಿಂದ ಈಚೆಗೆ ಅಮೆರಿಕದಲ್ಲಿ ಹಿಮಕುಸಿತಕ್ಕೆ ಅತಿ ಹೆಚ್ಚು ಜನರನ್ನು ಕಳೆದುಕೊಂಡ ರಾಜ್ಯವೂ ಅದೇ. 2020ರಲ್ಲಿ ಹಿಮ ಬೇಗ ಬಂತು, ಆಮೇಲಿನ ಬಿಡುವೂ ಉದ್ದವಾಯಿತು. ರೋಗ ಬುಡಕ್ಕೇ ಇಳಿಯಿತು.

ಅಂಥ ಇಳಿಜಾರಿನಲ್ಲಿ ಡಿಸೆಂಬರ್‌ನಲ್ಲಿ ಒಂದು ಗುಂಡಿ ತೋಡಿದರೆ ಎಲ್ಲ ಕಣ್ಣೆದುರೇ ಇರುತ್ತದೆ. ಸಲಿಕೆಯಿಂದ ನೆಲದವರೆಗೆ ತೋಡಿ, ಒಂದು ಗೋಡೆಯನ್ನು ನಯವಾಗಿ ಸವರಬೇಕು. ಆಮೇಲೆ ಮೇಲಿನಿಂದ ಕೆಳಗೆ ಕೈಯಿಂದ ಒತ್ತುತ್ತಾ ಬರಬೇಕು. ಮೇಲೆ ಗಾಳಿ ತಂದು ಒಟ್ಟಿದ ಹಿಮ. ಅಲ್ಲಿ ಒಂದೇ ಬೆರಳು ಕಷ್ಟಪಟ್ಟು ಒಳಗೆ ಹೋಗುತ್ತದೆ. ಸ್ವಲ್ಪ ಕೆಳಗೆ ನಾಲ್ಕು ಬೆರಳು ಒಟ್ಟಿಗೆ ಹೋಗುತ್ತವೆ. ಬುಡಕ್ಕೆ ಬಂದಾಗ ಮುಷ್ಟಿಗೆ ಮುಷ್ಟಿಯೇ ತಡೆಯಿಲ್ಲದೆ ಒಳಗೆ ಇಳಿಯುತ್ತದೆ. ಆ ಬುಡದ ಹಿಮವನ್ನು ಒಂದು ಹಿಡಿ ತೆಗೆದು ಅದುಮಿ ನೋಡಿ. ಉಂಡೆ ಕಟ್ಟುವುದಿಲ್ಲ. ದಪ್ಪ ಸಕ್ಕರೆ ಸುರಿದ ಹಾಗೆ ಕೈಗವಸಿನಿಂದ ಜಾರಿ ಹೋಗುತ್ತದೆ. ಅಲ್ಲಿಯ ಸ್ಕೀಗಾರರೂ ಅದನ್ನು ಶುಗರ್ ಸ್ನೋ ಅಂತಲೇ ಕರೆಯುತ್ತಾರೆ. ಮಿಲಿಮೀಟರ್ ಗೆರೆ ಹಾಕಿದ ಕಪ್ಪು ತಗಡಿನ ಮೇಲೆ ನಾಲ್ಕು ಕಣ ಉದುರಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಒಳಗೆ ಟೊಳ್ಳಾದ, ಮೈಮೇಲೆ ಗೀರುಗಳಿರುವ ಸಣ್ಣ ಬಟ್ಟಲುಗಳು ಕಾಣುತ್ತವೆ. ಇದು ಡೆಪ್ತ್ ಹೋರ್. ಒಮ್ಮೆ ಈ ಹಂತಕ್ಕೆ ಬಂದ ಪದರ ಬೇಗ ಗುಣವಾಗುವುದಿಲ್ಲ. ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ.

ಅದೇ ಗುಂಡಿಯಲ್ಲಿ ಒಂದು ಪರೀಕ್ಷೆಯನ್ನೂ ಮಾಡುತ್ತಾರೆ. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಒಂದು ಹಿಮದ ಕಂಬವನ್ನು ಸುತ್ತಲಿಂದ ಬಿಡಿಸಿ ನಿಲ್ಲಿಸಬೇಕು. ಒಂದು ತುದಿಯಲ್ಲಿ ಸಲಿಕೆಯ ಅಲಗು ಇಟ್ಟು ತಟ್ಟಬೇಕು. ಮಣಿಕಟ್ಟಿನಿಂದ 10 ಸಲ, ಮೊಣಕೈಯಿಂದ 10 ಸಲ, ಭುಜದಿಂದ 10 ಸಲ. ತಟ್ಟಿದ ಕಡೆ ಮಾತ್ರ ಹಿಮ ಪುಡಿಯಾದರೆ ಒಂದು ಕಥೆ. ಬಿರುಕು ಒಂದು ತುದಿಯಿಂದ ಇನ್ನೊಂದು ತುದಿಗೆ ಸರ್ರನೆ ಓಡಿ ಮೇಲಿನ ಭಾಗ ಪೂರ್ತಿ ಜಾರಿದರೆ ಬೇರೆಯೇ ಕಥೆ. ಇಳಿಜಾರಿನಲ್ಲೂ ಅದೇ ಬಿರುಕು ಹಾಗೇ ಓಡಬಲ್ಲದು ಅಂತ ಅದರ ಅರ್ಥ. ಮೀಟರ್‌ಗಟ್ಟಲೆ ಅಲ್ಲ, ನೂರಾರು ಮೀಟರ್.

ಎಲ್ಲಿ ಹಿಮ ಇತ್ತೋ ಅಲ್ಲೇ ಅಪಾಯ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ಸಂಗತಿ ಇದು. ಅಕ್ಟೋಬರ್ ಹಿಮ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಉಳಿಯಲಿಲ್ಲ, ಬಿಸಿಲಿಗೆ ಕರಗಿ ನೆಲ ಕಂಡಿತು. ಉತ್ತರಕ್ಕೆ, ಈಶಾನ್ಯಕ್ಕೆ, ಪೂರ್ವಕ್ಕೆ ಮುಖ ಮಾಡಿದ ಎತ್ತರದ ಜಾಗಗಳಲ್ಲಿ ಮಾತ್ರ ಉಳಿಯಿತು. ನವೆಂಬರ್ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಕಡಿದಾದ ಉತ್ತರದ ಇಳಿಜಾರಿಗೆ ನೇರ ಬಿಸಿಲೇ ತಾಗುವುದಿಲ್ಲ.

ಈಗ ಒಬ್ಬ ಸ್ಕೀಗಾರನ ಕಣ್ಣಲ್ಲಿ ನೋಡಿ. ಆರು ತಿಂಗಳಿಂದ ಕಾದಿದ್ದಾನೆ. ಎಲ್ಲ ಕಡೆ ಕಲ್ಲು, ಒಣ ಹುಲ್ಲು. ಒಂದೇ ಒಂದು ಕಡೆ ಬೆಳ್ಳಗೆ ಹಿಮ ತುಂಬಿದ ಸೀಳು ಕಾಣುತ್ತಿದೆ. ಹೋಗುವುದು ಅಲ್ಲಿಗೇ ಅಲ್ವಾ? ಹಿಮ ಹಳೆಯದಾದಷ್ಟೂ ಬುಡ ಕೆಟ್ಟಿರುತ್ತದೆ. ಹಳೆಯ ಹಿಮ ಇರುವ ಜಾಗವೇ ಮೊದಲು ಸ್ಕೀ ಮಾಡಲು ಯೋಗ್ಯವಾಗಿ ಕಾಣುತ್ತದೆ. ಅಕ್ಟೋಬರ್‌ನಲ್ಲಿ ಬೋಳಾಗಿದ್ದ ಪಕ್ಕದ ಇಳಿಜಾರಿಗೆ ಡಿಸೆಂಬರ್‌ನ ದಪ್ಪ ಹಿಮ ನೇರವಾಗಿ ನೆಲದ ಮೇಲೇ ಬೀಳುತ್ತದೆ. ಅದರಡಿ ಕೊಳೆತ ಪದರ ಇರುವುದಿಲ್ಲ ಅಥವಾ ಕಡಿಮೆ ಇರುತ್ತದೆ. ನವೆಂಬರ್‌ನಲ್ಲಿ ಅತಿ ಚೆಂದ ಕಂಡ ಇಳಿಜಾರು ಜನವರಿಯಲ್ಲಿ ಅತಿ ಕೆಟ್ಟದ್ದಾಗುವುದು ಹೀಗೆ.

ಗಾಳಿ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಪಶ್ಚಿಮದಿಂದ ಬೀಸುವ ಗಾಳಿ ಒಂದು ಬದಿಯ ಹಿಮವನ್ನು ಗುಡಿಸಿ ದಿಬ್ಬದ ಆಚೆ, ಪೂರ್ವದ ಬದಿಯಲ್ಲಿ ಒಟ್ಟುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗವಾಗಿ ಹಿಮ ಅಲ್ಲಿ ಸೇರುತ್ತದೆ. ಹಾಗೆ ಒಟ್ಟಿದ ಹಿಮ ಬಿಡಿಬಿಡಿಯಾಗಿರುವುದಿಲ್ಲ, ಹಲಗೆಯಾಗಿ ಗಟ್ಟಿಯಾಗುತ್ತದೆ. ಇದೇ ಸ್ಲ್ಯಾಬ್. ಕೆಳಗೆ ಜಾರುವ ಬುಡ, ಮೇಲೆ ಗಟ್ಟಿ ಹಲಗೆ, ಇಳಿಜಾರು 30 ಡಿಗ್ರಿಗಿಂತ ಜಾಸ್ತಿ. ಹಿಮಕುಸಿತಕ್ಕೆ ಇಷ್ಟು ಸಾಕು, ಒಬ್ಬ ಮನುಷ್ಯನ ಭಾರ ಉಳಿದದ್ದನ್ನು ಮಾಡುತ್ತದೆ.

ಡಿಸೆಂಬರ್ ಮಧ್ಯದಲ್ಲಿ ಈ ಹಲಗೆ ಸಿದ್ಧವಾಯಿತು. ಡಿಸೆಂಬರ್ 18ರಂದು ಕ್ರೆಸ್ಟೆಡ್ ಬ್ಯೂಟ್ ಊರಿನ ಪಶ್ಚಿಮದ ಆಂಥ್ರಸೈಟ್ ಬೆಟ್ಟಸಾಲಿನಲ್ಲಿ ಒಬ್ಬ ಸ್ಕೀಗಾರ ಸತ್ತ. ಮಾರನೇ ದಿನ ಸ್ಯಾನ್ ವಾನ್ ಬೆಟ್ಟಗಳಲ್ಲಿ, ಸಿಲ್ವರ್‌ಟನ್ ಮತ್ತು ಓಫಿರ್ ನಡುವೆ ಇಬ್ಬರು ಹೋದರು. ಸಂಜೆಯಾದರೂ ಮನೆಗೆ ಬರಲಿಲ್ಲ ಅಂತ ಹುಡುಕಾಟ ಶುರುವಾಯಿತು. ಭಾನುವಾರ ಶವಗಳು ಸಿಕ್ಕವು. ಎರಡೇ ದಿನದಲ್ಲಿ ಮೂರು ಸಾವು. ಪೂರ್ತಿ ಚಳಿಗಾಲ ಇನ್ನೂ ಮುಂದೆ ಬಾಕಿ ಇತ್ತು.

ಕೊಲರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್ ಸುಮ್ನೆ ಕೂತಿರಲಿಲ್ಲ. ಅದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಭಾಗ, ಚಳಿಗಾಲದಲ್ಲಿ ದಿನಾ ಮುನ್ಸೂಚನೆ ಕೊಡುತ್ತದೆ. ಬುಡ ಕೆಟ್ಟಿದೆ, ದೂರದಿಂದಲೇ ಕುಸಿತ ಎಬ್ಬಿಸಬಹುದು ಅನ್ನುವ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿತ್ತು. ದೂರದಿಂದ ಅಂದರೆ ನಿಜವಾಗಿಯೂ ದೂರದಿಂದ. ನೀವು ತಪ್ಪಲಿನ ಸಮತಟ್ಟು ಜಾಗದಲ್ಲಿ ನಡೆಯುತ್ತಿರುತ್ತೀರಿ. ಕಾಲಡಿಯಲ್ಲಿ ‘ವುಂಫ್’ ಅಂತ ಒಂದು ಮಂದ ಸದ್ದಾಗಿ ನೆಲ ಸ್ವಲ್ಪ ಕುಸಿದಂತೆ ಆಗುತ್ತದೆ. ಅದು ಬುಡದ ಪದರ ಮುರಿದ ಸದ್ದು. ಆ ಮುರಿತ ಪದರದುದ್ದಕ್ಕೂ ಓಡಿ, ಮೇಲಿನ ಕಡಿದಾದ ಇಳಿಜಾರನ್ನು ತಲುಪಿ, ಅಲ್ಲಿಯ ಹಿಮವನ್ನು ನಿಮ್ಮ ಮೇಲೆ ಬಿಡಬಲ್ಲದು. ಆ ಸದ್ದು ಕೇಳಿದ ಮೇಲೆ ಬೇರೆ ಪರೀಕ್ಷೆಯೇ ಬೇಡ. ಬೆಟ್ಟವೇ ಹೇಳಿಯಾಯಿತು.

ಮುನ್ಸೂಚನೆಯ ಅಂಕಿಯಲ್ಲಿ ಒಂದು ತೊಡಕಿದೆ. ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. 3 ನಡುವಿನ ಅಂಕಿ. ಪರೀಕ್ಷೆಯಲ್ಲಿ ಅರ್ಧ ಅಂಕ ಬಂದರೆ ಪಾಸ್ ಅಂತ ಬೆಳೆದ ನಮಗೆ 3 ಅಂದರೆ ‘ಪರವಾಗಿಲ್ಲ, ನಡೆಯುತ್ತೆ’ ಅನಿಸುತ್ತದೆ. ಆದರೆ ಆ ಅಳತೆಯಲ್ಲಿ 3 ಅಂದರೆ ತಾನಾಗಿಯೇ ಕುಸಿಯುವ ಸಾಧ್ಯತೆ ಇದೆ, ಮನುಷ್ಯ ಹೋದರೆ ಕುಸಿಯುವ ಸಂಭವವೇ ಜಾಸ್ತಿ. 4, 5 ಇದ್ದ ದಿನ ಜನ ಮನೆಯಲ್ಲೇ ಇರುತ್ತಾರೆ. ಹೊರಗೆ ಹೋಗಿ ಸಿಕ್ಕಿಬೀಳುವುದು 3ರ ದಿನಗಳಲ್ಲೇ ಜಾಸ್ತಿ.

ಕೋವಿಡ್ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2020ರ ಮಾರ್ಚ್ 14ರಂದು ರಾಜ್ಯಪಾಲರ ಆದೇಶದಿಂದ ಕೊಲರಾಡೊದ ಸ್ಕೀ ರೆಸಾರ್ಟ್‌ಗಳು ಮುಚ್ಚಿದವು. ಮುಂದಿನ ಚಳಿಗಾಲಕ್ಕೆ ಬ್ಯಾಕ್‌ಕಂಟ್ರಿ ಸಾಮಾನುಗಳು ಅಂಗಡಿಗಳಲ್ಲಿ ಬಿಸಿಬಿಸಿ ಮಾರಾಟವಾದವು. ಹೊಸಬರು ಗುಂಪುಗುಂಪಾಗಿ ಹೋಗಿ ಸಾಯುತ್ತಾರೆ ಅಂತ ಎಲ್ಲರೂ ಹೆದರಿದ್ದರು. ಆದರೆ ಸತ್ತವರಲ್ಲಿ ಅನುಭವಿಗಳೇ ಜಾಸ್ತಿ. ಹಾಗಾಗಿ ಇಡೀ ಪ್ರಕರಣವನ್ನು ‘ತಿಳಿಯದವರು ಹೋಗಿ ಸತ್ತರು’ ಅಂತ ಮುಗಿಸುವುದು ಸುಲಭ, ಆದರೆ ಸರಿಯಲ್ಲ.

ಫೆಬ್ರವರಿಯ ಮೊದಲ ವಾರ

2021ರ ಜನವರಿ ಕೊನೆಯ ಬಿರುಗಾಳಿಗಳು ಇನ್ನಷ್ಟು ಭಾರ ಹೇರಿದವು. ಫೆಬ್ರವರಿ 1ರಂದು ಓಫಿರ್ ಪಾಸ್ ಸಮೀಪ, ಸ್ಥಳೀಯರು ‘ದಿ ನೋಸ್’ ಅನ್ನುವ ಜಾಗದಲ್ಲಿ ಏಳು ಜನ ಇದ್ದರು. ಹತ್ತಿರದ ಬೆಟ್ಟದ ಗುಡಿಸಲಿನಲ್ಲಿ ಉಳಿದು ಸ್ಕೀ ಮಾಡಲು ಬಂದವರು. ಬೀಕನ್ (ಹಿಮದಡಿ ಸಿಕ್ಕವರ ಜಾಗ ತೋರಿಸುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಕೋಲು), ಸಲಿಕೆ ಎಲ್ಲ ಇದ್ದವು. ಕುಸಿತ ನಾಲ್ವರನ್ನು ಹೂತಿತು. ಉಳಿದವರು ಒಬ್ಬನನ್ನು ಜೀವಂತ ಹೊರತೆಗೆದರು. ಮೂವರು ಉಳಿಯಲಿಲ್ಲ.

ಇಲ್ಲಿ ಬೆಟ್ಟದ ಆಕಾರವೂ ಮುಖ್ಯವಾಯಿತು. ಹಿಮ ಬಯಲಿಗೆ ಹರಡಿಕೊಳ್ಳದೆ ಇಕ್ಕಟ್ಟಾದ ಕೊರಕಲಿಗೆ ಬಿದ್ದು ಅಲ್ಲಿ ರಾಶಿಯಾಯಿತು. ಸತ್ತವರ ಮೇಲೆ ಸುಮಾರು 20 ಅಡಿ ಹಿಮ ಇತ್ತು. ಸ್ಕೀಗಾರರು ಬೆನ್ನಿಗೆ ಹಾಕಿಕೊಳ್ಳುವ ಪ್ರೋಬ್ ಕೋಲು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮೀಟರ್ ಉದ್ದ. ಅಂದರೆ 10 ಅಡಿಯ ಹತ್ತಿರ. ಬೀಕನ್ ಸದ್ದು ಮಾಡುತ್ತದೆ, ಕೆಳಗೆ ಸ್ನೇಹಿತ ಇದ್ದಾನೆ ಅಂತ ಗೊತ್ತು, ಕೋಲು ಮುಟ್ಟುವುದಿಲ್ಲ. ಹಾಗಿದ್ದರೂ ಆ ಗೆಳೆಯರು ಒಬ್ಬನನ್ನು ಉಳಿಸಿಕೊಂಡರು ಅನ್ನುವುದೇ ದೊಡ್ಡ ಮಾತು.

ಐದು ದಿನ ಬಿಟ್ಟು, ಫೆಬ್ರವರಿ 6ರಂದು, ಪಕ್ಕದ ಯೂಟಾ ರಾಜ್ಯದ ಮಿಲ್ ಕ್ರೀಕ್ ಕಣಿವೆಯಲ್ಲಿ ನಾಲ್ವರು ಸ್ಕೀಗಾರರು ಒಂದೇ ಕುಸಿತದಲ್ಲಿ ಸತ್ತರು. ಅಲ್ಲೂ ಕೆಳಗಿದ್ದದ್ದು ಆ ಚಳಿಗಾಲದ ಆರಂಭದಲ್ಲಿ ಕೊಳೆತ ಪದರವೇ.

ಹಿಮದಡಿ ಸಿಕ್ಕವರಿಗೆ ಸಮಯ ಎಷ್ಟಿರುತ್ತದೆ? 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. 35 ನಿಮಿಷ ದಾಟಿದರೆ ಮೂರರಲ್ಲಿ ಒಬ್ಬರು ಬದುಕಿದರೂ ಜಾಸ್ತಿ. ಹಿಮದಡಿಯ ಮಾತು ಬಂದರೆ ಕನ್ನಡಿಗರಿಗೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. ಧಾರವಾಡ ಜಿಲ್ಲೆಯ ಬೆಟದೂರಿನವರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕರು, ಫೆಬ್ರವರಿ 11ಕ್ಕೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಆರು ದಿನ ನಮ್ಮ ಮನಸ್ಸಲ್ಲಿ ಎಷ್ಟು ಆಳವಾಗಿ ಕೂತಿದೆ ಅಂದರೆ, ಹಿಮದಡಿಯೂ ಕಾಯಬಹುದು ಅನ್ನುವ ಭ್ರಮೆ ಹುಟ್ಟುತ್ತದೆ. ಕಾಯಲಾಗುವುದಿಲ್ಲ. ಅವರೊಂದಿಗಿದ್ದ ಒಂಬತ್ತು ಯೋಧರು ಉಳಿಯಲಿಲ್ಲ. ಬ್ಯಾಕ್‌ಕಂಟ್ರಿಯಲ್ಲಿ ಹೆಲಿಕಾಪ್ಟರ್ ಬರುವಷ್ಟರಲ್ಲಿ ಆ 15 ನಿಮಿಷ ಯಾವಾಗಲೋ ಮುಗಿದಿರುತ್ತದೆ. ಉಳಿಸಬಲ್ಲವರು ಜೊತೆಗಿದ್ದವರು ಮಾತ್ರ.

ಚಳಿಗಾಲದ ಆರಂಭದಲ್ಲಿ ಇನ್ನೊಂದು ತೊಂದರೆ ಇದೆ. ಹಿಮ ತೆಳುವಾಗಿರುವಾಗ ಸಣ್ಣ ಕುಸಿತವೂ ಮನುಷ್ಯನನ್ನು ಕಲ್ಲು, ಮರದ ಬೊಡ್ಡೆಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಕೆನಡಾದಲ್ಲಿ ಹಿಮಕುಸಿತಕ್ಕೆ ಸತ್ತವರಲ್ಲಿ ಸುಮಾರು ಕಾಲು ಭಾಗ ಜನ ಉಸಿರುಗಟ್ಟಿ ಸತ್ತವರಲ್ಲ, ಪೆಟ್ಟಿನಿಂದ ಸತ್ತವರು. ಅವರಿಗೆ ಬೀಕನ್ ಏನೂ ಮಾಡಲಾರದು.

ಹಾಗಾದರೆ ರೆಸಾರ್ಟ್‌ಗಳಲ್ಲಿ ಅದೇ ಹಿಮ ಯಾಕೆ ಕೊಲ್ಲಲಿಲ್ಲ? ಅಲ್ಲಿ ಬುಡವನ್ನು ಮೊದಲೇ ಮುರಿಯುತ್ತಾರೆ. ಆಸ್ಪೆನ್ ಹೈಲ್ಯಾಂಡ್ಸ್‌ನ ಹೈಲ್ಯಾಂಡ್ ಬೋಲ್‌ನಲ್ಲಿ ಚಳಿಗಾಲದ ಆರಂಭದಲ್ಲೇ ಜನ ಸಾಲಾಗಿ ನಿಂತು, ಬೂಟುಗಾಲಲ್ಲಿ ಇಡೀ ಇಳಿಜಾರನ್ನು ನೆಲದವರೆಗೆ ತುಳಿಯುತ್ತಾರೆ. ದಿನಗಟ್ಟಲೆ ತುಳಿದವರಿಗೆ ಕೂಲಿಯ ಬದಲು ಸ್ಕೀ ಪಾಸ್ ಸಿಗುತ್ತದೆ. ಬಟ್ಟಲು ಕಣಗಳು ಪುಡಿಯಾಗಿ, ಹೊಸ ಹಿಮದ ಜೊತೆ ಬೆರೆತು, ಗಟ್ಟಿಯಾಗುತ್ತವೆ. ಆಮೇಲೂ ಬಿರುಗಾಳಿ ಬಂದಾಗಲೆಲ್ಲ ಸಿಡಿಮದ್ದು ಇಟ್ಟು ನೋಡುತ್ತಾರೆ. ಜನ ದಿನಾ ಸ್ಕೀ ಮಾಡುವುದರಿಂದಲೂ ಪದರಗಳು ಒಡೆಯುತ್ತಾ ಇರುತ್ತವೆ. ರೆಸಾರ್ಟ್‌ನ ಹಗ್ಗ ದಾಟಿದರೆ ಇದು ಯಾವುದೂ ಇಲ್ಲ. ಬೇಲಿಯ ಈಚೆ ನಿಂತು ‘ಅಲ್ಲಿಯೂ ಇದೇ ಹಿಮ ತಾನೆ’ ಅಂದುಕೊಳ್ಳುವುದು ದೊಡ್ಡ ಮೋಸ.

2020-21ರಲ್ಲೂ ಬ್ಯಾಕ್‌ಕಂಟ್ರಿಯಲ್ಲಿ ಇಡೀ ಚಳಿಗಾಲ ಸ್ಕೀ ಮಾಡಿ ಮನೆಗೆ ಬಂದವರು ಸಾವಿರಾರು ಜನ. ಅವರು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ನಕ್ಷೆಯಲ್ಲಿ ಇಳಿಜಾರಿನ ಕೋನ ತೋರಿಸುವ ಬಣ್ಣ ಹಾಕಿಕೊಂಡು, 30 ಡಿಗ್ರಿಗಿಂತ ಕಡಿಮೆ ಇರುವ ಜಾಗಗಳಲ್ಲೇ ಇಳಿದರು. ಮೇಲೆ ಕಡಿದಾದ ಹಿಮ ತೂಗುತ್ತಿರುವ ತಪ್ಪಲಿನಲ್ಲಿ ನಡೆಯಲಿಲ್ಲ. ಅಕ್ಟೋಬರ್ ಹಿಮ ಎಲ್ಲಿ ಉಳಿದಿತ್ತು ಅಂತ ಗುರುತಿಟ್ಟುಕೊಂಡು ಆ ಮುಖಗಳನ್ನು ಬಿಟ್ಟರು. ಇದಕ್ಕೆ ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ಬೆಟ್ಟದ ಫೋಟೊ ತೆಗೆದಿಟ್ಟುಕೊಂಡರೂ ಸಾಕು. ಯಾವ ಇಳಿಜಾರು ಬಿಳಿ, ಯಾವುದು ಬೋಳು ಅಂತ ಆ ಫೋಟೊ ಜನವರಿಯಲ್ಲಿ ಹೇಳುತ್ತದೆ. ಆಗ ಎಲ್ಲವೂ ಬೆಳ್ಳಗಿರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಇಲ್ಲಿ ಗುಂಡಿಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಗುಂಡಿಯಲ್ಲಿ ಕೆಟ್ಟ ಫಲ ಬಂದರೆ ನಂಬಿ, ವಾಪಸ್ ಬನ್ನಿ. ಒಳ್ಳೆಯ ಫಲ ಬಂದರೆ ಅದೊಂದನ್ನೇ ನಂಬಿ ಕಡಿದಾದ ಕಡೆ ಹೋಗಬೇಡಿ. ಬುಡದ ಪದರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗುಂಡಿ ತೋಡಿದ ಕಡೆ ಹಿಮ ದಪ್ಪವಾಗಿದ್ದು, 20 ಅಡಿ ಆಚೆ ಬಂಡೆಯ ಪಕ್ಕ ತೆಳುವಾಗಿರಬಹುದು. ಅಲ್ಲಿ ಸ್ಕೀಯ ಒತ್ತಡ ಸಲೀಸಾಗಿ ಬುಡವನ್ನು ಮುಟ್ಟುತ್ತದೆ. ಮುಂದೆ ಹೋದ ಐದು ಜನರ ಗೆರೆಗಳಿದ್ದರೂ ಆರನೆಯವರ ಅಡಿಯಲ್ಲಿ ಕುಸಿಯುವುದು ಇದೇ ಕಾರಣಕ್ಕೆ.

ಈ ಪದರ ಕಡೆಗೂ ಹೋದದ್ದು ವಸಂತದ ಬಿಸಿಲಿಗೆ. ಮೇಲಿನ ಹಿಮ ಕರಗಿ ನೀರು ಕೆಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವುದು ಹಲವು ಸಲ ನಡೆದ ಮೇಲೆ ಹಿಮದ ರಾಶಿ ಮೇಲಿನಿಂದ ಬುಡದವರೆಗೆ ಒಂದೇ ಆಗುತ್ತದೆ. ಆಗ ಬೆಳಗಿನ ಜಾವಕ್ಕೆ ಹತ್ತಿ, ಬಿಸಿಲು ಏರುವ ಮುಂಚೆ ಇಳಿದುಬಿಟ್ಟರೆ, ಜನವರಿಯಲ್ಲಿ ಕಾಲಿಡಬಾರದಾಗಿದ್ದ ಎಷ್ಟೋ ಇಳಿಜಾರುಗಳಲ್ಲಿ ಸ್ಕೀ ಮಾಡಬಹುದು. ಕೊಲರಾಡೊದ ಹಳಬರು ಎತ್ತರದ, ಕಡಿದಾದ ಇಳಿಜಾರುಗಳನ್ನು ಏಪ್ರಿಲ್, ಮೇ ತಿಂಗಳಿಗೆ ಎತ್ತಿಡುವುದು ಇದಕ್ಕೇ.